ಥಾಯ್ ಹೋಟೆಲಿನಲ್ಲಿ ಅವ್ವ

ಹುಬ್ಬಳ್ಳಿಯಲ್ಲಿ ಥಾಯ್ಲೆಂಡಿನ ಬೀದಿ ತಿನಿಸು ಮಾರುವ ಹೋಟೆಲೊಂದರಲ್ಲಿ ತಂಗಿ ಅಡುಗೆಗೆ ನಿಂತಾಗಿನಿಂದ ಅವ್ವ ಅವಳ ಕೈಯ ಅಡುಗೆ ಉಂಡಿರಲಿಲ್ಲ. ಮೀನು, ಕೋಳಿ ಬೇಯಿಸುವ ಕೈ ಎಂಬುದು ಅವ್ವನ ತಕರಾರು. ನಮ್ಮೂರು ಮೊರಬದಲ್ಲಿ ಅವ್ವ, ನಾನು ಇಬ್ಬರೇ ಇರುವ ಮನೆಗೆ ಬಂದಾಗ ತಂಗಿ ಅಡುಗೆಮನೆಯ ಹೊಸ್ತಿಲ ಈಚೆಯೇ ಕೂತು ಮಾತಾಡುತ್ತಿದ್ದಳು. ಒಳಗೆ ಬರಬೇಡ ಎಂದು ಅವ್ವ ಒಮ್ಮೆಯೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈಚಾಚದೆ ಬದುಕಿದವಳು ನನ್ನ ತಂಗಿ. ಅವಳು ಹಾಗೆ ಹೊರಗೆ ಕೂತದ್ದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಒಂದ ಸಲ ಬಂದು ಉಣ್ಣ ಯವ್ವಾ, ಆಮ್ಯಾಲ ಏನರ ಅನ್ನು" ಎಂದು ತಂಗಿ ಎಷ್ಟೋ ಸಲ ಅಂಗಲಾಚಿದ್ದಳು. ಶ್ರಾವಣ ಮುಗಿದ ಮೇಲೆ ಒಂದು ದಿನ, ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಹೊರಬಂದಾಗ, ಅವ್ವ ತಾನಾಗಿಯೇ "ನಡಿ, ಆಕಿ ಹೋಟೆಲಿಗೆ ಹೋಗೂಣು" ಅಂದಳು.

ಹೊಸ ಬಡಾವಣೆಯ ಓಣಿಯಲ್ಲಿ ಗಾಜಿನ ಬಾಗಿಲಿನ ಹೋಟೆಲು. ಒಳಗೆ ತಣ್ಣನೆಯ ಎ.ಸಿ. ಆದರೂ ರಸ್ತೆ ಬದಿಯಲ್ಲಿ ಉಂಡ ಹಾಗಿರಬೇಕೆಂದು ಕೆಂಪು ಪ್ಲಾಸ್ಟಿಕ್ ಸ್ಟೂಲು, ತಗಡಿನ ಮೇಜು, ಮೂಲೆಯಲ್ಲಿ ಬಣ್ಣ ಬಳಿದ ತಳ್ಳುಗಾಡಿ.

"ಇಷ್ಟೆಲ್ಲಾ ಮಾಡ್ಯಾರ, ಬೆನ್ನ ಹಚ್ಚಾಕ ಒಂದ ಕುರ್ಚಿ ತರಾಕ ಆಗ್ಲಿಲ್ಲೇನ ಇವರಿಗೆ?" ಅಂದಳು ಅವ್ವ.

ತಂಗಿ ತಾಟನ್ನು ತಾನೇ ತಂದಿಟ್ಟಳು. ಅಕ್ಕಿ ಶಾವಿಗೆ, ಮೇಲೆ ಕುಟ್ಟಿದ ಶೇಂಗಾ. "ಹುಣಸಿಹಣ್ಣು, ಬೆಲ್ಲ, ಕಾಯಿಪಲ್ಲೆ ಅಷ್ಟ ಯವ್ವಾ. ಹೊಸಾ ಬಾಣಲಿ ತಂದು ಬ್ಯಾರೆ ಒಲಿಮ್ಯಾಲ ಮಾಡೇನಿ."

"ಮೀನಿನ ವಾಸನಿ ಬರಾಕತ್ತೈತಲ್ಲ."

ಇಲ್ಲ ಅಂದಿದ್ದರೆ ನಡೆದುಹೋಗುತ್ತಿತ್ತೇನೋ. ನನ್ನ ತಂಗಿಗೆ ಸುಳ್ಳು ಬರುವುದಿಲ್ಲ. "ಹೌದು, ಬಾಜೂ ಒಲಿಮ್ಯಾಲ ಕುದ್ಯಾಕತ್ತೈತಿ. ನಿನ್ನ ತಾಟಿನ್ಯಾಗ ಇಲ್ಲ."

ಅವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಲಿಂಗವನ್ನು ಅಂಗೈಯಲ್ಲಿ ಹಿಡಿದು, ಮುಂದಿರುವ ಅನ್ನವನ್ನು ಅದಕ್ಕೆ ಅರ್ಪಿಸಿದ ಮೇಲೆಯೇ ಅವಳಿಗೆ ತುತ್ತು. ಹೊಲದಲ್ಲಾಗಲಿ, ಬಸ್ಸಿನಲ್ಲಾಗಲಿ, ಅಪ್ಪ ಸತ್ತಾಗ ಓಣಿಯವರು ಒತ್ತಾಯದಿಂದ ಉಣ್ಣಿಸಿದಾಗಾಗಲಿ, ಆ ನೇಮ ತಪ್ಪಿಸಿರಲಿಲ್ಲ. ಈಗ ಅವಳ ಕೈ ಸೆರಗಿನೊಳಗೆ ಹೋಗಿ ಅಲ್ಲೇ ನಿಂತಿತು. ತಂಗಿ ಆ ಕೈಯನ್ನೇ ನೋಡುತ್ತಿದ್ದಳು. ಲಿಂಗ ಹೊರಗೆ ಬಂದರೆ ಈ ಅನ್ನ ಶುದ್ಧ, ಇವಳ ಕೈಯೂ ಶುದ್ಧ. ಬಾರದಿದ್ದರೆ ಅವ್ವ ಎದ್ದು ಹೊರಡುತ್ತಾಳೆ. ಇವೆರಡೇ ಅಂತ ನಾವಿಬ್ಬರೂ ತಿಳಿದಿದ್ದೆವು.

ಕೈ ಬರಿದೇ ಹೊರಗೆ ಬಂತು. ಅವ್ವ ಎದ್ದು ಹೊರಡಲಿಲ್ಲ. ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದು ತಾಟು ಹತ್ತಿರಕ್ಕೆ ಎಳೆದುಕೊಂಡಳು.

ತಂಗಿ ತಾಟು ಹಿಡಿದಳು. "ಬ್ಯಾಡ ಯವ್ವಾ, ಹಂಗ ಉಣಬ್ಯಾಡ. ನನ್ನ ಸಲುವಾಗಿ ನೇಮ ಮುರೀಬ್ಯಾಡ."

"ಕೈ ಬಿಡವಾ. ನಿನ್ನ ಹಡದಾಕಿ ನಾನು. ತಪ್ಪಾದ್ರ ನನಗ ಹತ್ತಲಿ."

ಮುಳ್ಳುಚಮಚೆ ಬದಿಗಿಟ್ಟು ಬೆರಳಿನಿಂದಲೇ ಉಂಡಳು, ತಲೆ ಎತ್ತಲಿಲ್ಲ, ಒಂದೆಳೆಯನ್ನೂ ಬಿಡಲಿಲ್ಲ. ತಂಗಿ ಎದುರಿಗೆ ನಿಂತು ಅತ್ತಳು. ಅವಳು ಬೇಡಿದ್ದು ಇದನ್ನಲ್ಲ. ನನಗೂ ಅಳು ಬಂತು, ಸಿಟ್ಟೂ ಬಂತು; ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಕೈ ತೊಳೆದು ಬಂದ ಅವ್ವ "ಬೆಲ್ಲ ಜಾಸ್ತಿ ಆಗೇತಿ" ಅಂದಳು.

ಮರುದಿನ ಅವ್ವ ನೀರು ಕೂಡ ಮುಟ್ಟಲಿಲ್ಲ. ಬೆಳಗ್ಗೆ ಪೂಜೆಗೆ ಕೂತವಳು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ಆಗ ತಂಗಿಯ ಫೋನು ಬಂತು. "ಅಕ್ಕಾ, ಅವ್ವ ಉಂಡ್ಲೇನ?" ಸ್ಪೀಕರಿನಲ್ಲಿದ್ದ ಅವಳ ದನಿ ಅವ್ವನಿಗೂ ಕೇಳಿತು. ಅವ್ವ ಕೂತಲ್ಲಿಂದಲೇ ಕೈನೀಡಿ ಫೋನು ತಗೊಂಡಳು.

"ಇಲ್ಲವಾ, ನಿನ್ನಿ ನೀ ಬಡಿಸಿದ್ದ ಇನ್ನೂ ಹೊಟ್ಟ್ಯಾಗ ಐತಿ. ಹಸಿವ ಇಲ್ಲ."