ಎರಡು ಚುಕ್ಕೆ, ನಾಲ್ಕು ಚುಕ್ಕೆ

"ಬಡಗಿ, ಎರಡು ಚುಕ್ಕೆ, ಉಳಿ, ನಾಲ್ಕು ಚುಕ್ಕೆ, ಕಮ್ಮಾರ, ಎರಡು ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ."

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಮೇಜಿನ ಮೇಲೆ ಯಾರದೋ ಬಿಳಿ ಅಂಗಿ. ಎದುರಿಗೆ, ಹ್ಯಾಂಗರಿಗೆ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟ ಹಳೆಯ ಪ್ರಶ್ನೆಪತ್ರಿಕೆ. ಅಂಗಡಿಯಾಕೆ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಲೇ ಓದುತ್ತಾರೆ, ಒಂದೊಂದು ಚುಕ್ಕೆಗೂ ಪೆಟ್ಟಿಗೆಯನ್ನು ಕುಕ್ಕುತ್ತಾರೆ.

"ಅಕ್ಕಾ, ಆ ಅಂಗಿ ಏನು ಪಾಪ ಮಾಡಿತ್ತು?" ಬೆಂಚಿನ ಮೇಲೆ ಕೂತ ಹುಡುಗಿ ನಗುತ್ತಾಳೆ.

"ಪಾಪ ಮಾಡಿದೋರು ಕೈಗೆ ಸಿಗಲ್ವಲ್ಲೇ, ಅದಕ್ಕೆ. ಆಯ್ಕೆ ಕೇಳು. ಎ, ಕಬ್ಬಿಣ. ಬಿ, ಕುಲುಮೆ. ಸಿ, ಸುತ್ತಿಗೆ. ಡಿ, ಇದ್ದಿಲು."

"ಸಿ. ಮುಂದಿನದು."

ಬೀದಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಆದರೆ ಆಕೆಗೆ ಇನ್ನೊಂದು ಕೆಲಸ ಇದೆ, ಅದು ಪಕ್ಕದ ಅಂಗಡಿಯವರಿಗೂ ಗೊತ್ತಿಲ್ಲ. ಪ್ರವೇಶ ಪರೀಕ್ಷೆಗಳಲ್ಲಿ ಕಣ್ಣು ಕಾಣದ ಅಭ್ಯರ್ಥಿಗಳ ಪಕ್ಕ ಕೂತು ಪ್ರಶ್ನೆ ಓದುವುದು, ಅವರು ಹೇಳಿದ ಉತ್ತರಕ್ಕೆ ಗುರುತು ಹಾಕುವುದು. ಓದುವವರು ಅಭ್ಯರ್ಥಿಗಿಂತ ಕಡಿಮೆ ಕಲಿತಿರಬೇಕು ಎಂಬ ನಿಯಮವಿದೆ. "ಹತ್ತನೇ ಕ್ಲಾಸಿಗೇ ನಿಂತಿದ್ದಕ್ಕೆ ಅಪ್ಪನ ಹತ್ರ ಬೈಸ್ಕೊಂಡಿದ್ದೇ ಬೈಸ್ಕೊಂಡಿದ್ದು. ಈಗ ನೋಡಿ, ಅದೇ ನನ್ನ ಅರ್ಹತೆ!" ಎಂದು, ಇದನ್ನು ಬರೆಯಲು ಬಂದ ನನಗೆ ಹೇಳಿ ಆಕೆ ನಗುತ್ತಾರೆ.

ಶುರುವಾಗಿದ್ದು ತಮ್ಮನಿಂದ. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಕಣ್ಣು ಹೋಯಿತು. ಅಕ್ಕ ಅವನಿಗೆ ಪಾಠ ಓದಿದರು, ಪರೀಕ್ಷೆಯಲ್ಲೂ ಓದಿದರು. ತಮ್ಮ ಈಗ ಬೇರೆ ಊರಿನಲ್ಲಿ ಮೇಷ್ಟ್ರು. ಅವನ ಗೆಳೆಯರು ಬಂದರು, ಗೆಳೆಯರ ತಂಗಿಯರು ಬಂದರು, ಅಕ್ಕ ಯಾರಿಗೂ ಇಲ್ಲ ಅನ್ನಲಿಲ್ಲ. ಪರೀಕ್ಷೆಯ ದಿನ ಅಂಗಡಿಯನ್ನು ಗಂಡನ ತಲೆಗೆ ಕಟ್ಟುತ್ತಾರೆ. ಗಂಡ ಪ್ಯಾಂಟಿಗೆ ಎರಡೆರಡು ಗೆರೆ ಮೂಡಿಸಿ ಗಿರಾಕಿಗಳ ಹತ್ತಿರ ಬೈಸಿಕೊಳ್ಳುತ್ತಾನೆ.

ಬೆಂಚಿನ ಮೇಲಿನ ಹುಡುಗಿ ಬಸ್ ಡ್ರೈವರನ ಮಗಳು, ಹುಟ್ಟಿನಿಂದ ಕಣ್ಣು ಕಾಣದು. ಕಾನೂನು ಕಾಲೇಜಿಗೆ ಸೇರಬೇಕು ಎಂಬುದೊಂದೇ ಹಟ. ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈ, ಅದಕ್ಕೆ ಅಕ್ಕ ಇಟ್ಟ ಹೆಸರು ವಕೀಲಮ್ಮ. ಆ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಪದಸಂಬಂಧದ ಪ್ರಶ್ನೆಗಳದೇ ಒಂದು ದೊಡ್ಡ ಭಾಗ. ಕಣ್ಣಿದ್ದವರಿಗೆ ಮೂರು ಪದ, ಒಂದು ಪ್ರಶ್ನಾರ್ಥಕ ಚಿಹ್ನೆ ಒಂದೇ ಸಾಲಿನಲ್ಲಿ ಕಾಣುತ್ತವೆ, ನಡುವೆ ಅಚ್ಚಾದ ಚುಕ್ಕೆಗಳು ಯಾರಿಗೂ ಲೆಕ್ಕಕ್ಕಿಲ್ಲ. ಈ ಹುಡುಗಿ ಎಲ್ಲವನ್ನೂ ಕಿವಿಯಲ್ಲೇ ಹಿಡಿದಿಟ್ಟುಕೊಳ್ಳಬೇಕು.

ಅದಕ್ಕೇ ಅಕ್ಕ ಮೊದಲಿಂದಲೂ ಓದುತ್ತಿದ್ದದ್ದು ಹೀಗೆ: "ಬಡಗಿಗೆ ಉಳಿ ಹೇಗೋ, ಕಮ್ಮಾರನಿಗೆ ಯಾವುದು ಹಾಗೆ?" ಇದರಲ್ಲಿ ಎಂಥ ಅಪರಾಧ ಇದೆ, ನೀವೇ ಹೇಳಿ. ಆ ಚುಕ್ಕೆಗಳ ಅರ್ಥವೇ ಅದಲ್ಲವೇ?

ಹೋದ ವರ್ಷ ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಮೇಲ್ವಿಚಾರಕರು ಅಡ್ಡ ಬಂದರು. "ಏನಮ್ಮ, ಅರ್ಥ ಬಿಡಿಸಿ ಹೇಳ್ತಿದ್ದೀಯಾ? ಅಚ್ಚಾಗಿರೋದನ್ನ ಮಾತ್ರ ಓದು." ಅಕ್ಕ ಹೆದರಿ ಚುಕ್ಕೆ ಓದಿದರು. ಒಂದೊಂದು ಪ್ರಶ್ನೆಯನ್ನೂ ಮೂರು ಮೂರು ಸಲ ಓದಬೇಕಾಯಿತು. ಗಂಟೆ ಹೊಡೆದಾಗ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆ ಹುಡುಗಿಯ ಕಿವಿಗೇ ಬಿದ್ದಿರಲಿಲ್ಲ. ಬಾರದೆ ತಪ್ಪಿದರೆ ಒಂದು ಮಾತು. ಪ್ರಶ್ನೆಯನ್ನೇ ಕೇಳಿಸದೆ ನಪಾಸು ಮಾಡುವುದು ಯಾವ ಸೀಮೆಯ ನ್ಯಾಯ?

ಈ ವರ್ಷ ಅದೇ ಕೋಣೆ, ಅದೇ ಮನುಷ್ಯ. ಅಕ್ಕ ಹೆದರಲಿಲ್ಲ. "ಸಾರ್, ನಾನು ಹೀಗೇ ಓದೋದು, ನೀವು ಏನು ಬೇಕಾದ್ರೂ ಬರ್ಕೊಳ್ಳಿ" ಎಂದು ಕೊನೆಯ ಪ್ರಶ್ನೆಯವರೆಗೂ 'ಹೇಗೋ ಹಾಗೆ' ಎಂದೇ ಓದಿದರು. ಅವರು ಬರೆದುಕೊಂಡೇಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ ನೋಡಿ. ಎಲ್ಲರ ಫಲಿತಾಂಶ ಬಂತು, ಹುಡುಗಿಯದನ್ನು ತಡೆಹಿಡಿದರು. ಓದಿದ್ದು ಅಕ್ಕ, ಶಿಕ್ಷೆ ಹುಡುಗಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವಿಚಾರಣೆಗೆ ಇಬ್ಬರನ್ನೂ ಕರೆಸಿದರು. ಮೇಜಿನ ಆಚೆ ಮೂವರು ಅಧಿಕಾರಿಗಳು. ಅವರಲ್ಲಿ ಹಿರಿಯರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. "ನೋಡಿಮ್ಮ, ವಿವರಣೆ ಕೊಟ್ಟಿದ್ದು ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಿ. ಹುಡುಗಿ ಫಲಿತಾಂಶ ನಾಳೆನೇ ಬಿಡ್ತೀವಿ. ನೀವು ಮಾತ್ರ ಇನ್ಮೇಲೆ ಓದೋಕೆ ಬರೋ ಹಾಗಿಲ್ಲ."

ಅಕ್ಕ ಪೆನ್ನು ಎತ್ತಿಕೊಂಡರು. "ನನ್ನ ಮಾನ ಹೋದ್ರೆ ಹೋಗ್ಲಿ, ಮಗು ಸೀಟು ಉಳೀಲಿ ಅಂದ್ಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದಿದ್ದು ಸಿಟ್ಟಿಗೆ, ದುಃಖಕ್ಕಲ್ಲ" ಎಂದು ಈಗ ನನಗೆ ಹೇಳುತ್ತಾರೆ.

ಪಕ್ಕದಿಂದ ಹುಡುಗಿಯ ಕೈ ತಡಕಾಡಿ ಬಂದು ಅಕ್ಕನ ಮಣಿಕಟ್ಟು ಹಿಡಿಯಿತು. "ಬರೀಬೇಡಿ ಅಕ್ಕ. ನೀವು ವಿವರಣೆ ಕೊಟ್ರಿ ಅಂತಾದ್ರೆ, ಉತ್ತರ ನನ್ನದಲ್ಲ ಅಂತಾಯ್ತು."

ಆಮೇಲೆ ಅಧಿಕಾರಿಗಳ ಕಡೆ ತಿರುಗಿ ಬಿಡಿಸಿ ಹೇಳಿದಳು. ಇಂಥ ಪ್ರಶ್ನೆ ಬಂದರೆ ಅವಳು ಮೊದಲ ಜೋಡಿಗೆ ಒಂದು ವಾಕ್ಯ ಕಟ್ಟುತ್ತಾಳೆ: ಬಡಗಿ ಉಳಿ ಹಿಡಿದು ಕೆಲಸ ಮಾಡುತ್ತಾನೆ. ಅದೇ ವಾಕ್ಯದಲ್ಲಿ ಕಮ್ಮಾರನನ್ನು ಕೂರಿಸಿದರೆ ಸುತ್ತಿಗೆ ತಾನಾಗಿ ಬರುತ್ತದೆ. ವಾಕ್ಯ ಸಡಿಲವಾದರೆ ಕಬ್ಬಿಣವೂ ಸರಿ, ಕುಲುಮೆಯೂ ಸರಿ ಅನ್ನಿಸಿ ಮೋಸ ಹೋಗುತ್ತೀರಿ. "ಹೇಗೋ ಹಾಗೆ ಅಂದ್ರು ಅಕ್ಕ. ಹೇಗೆ ಅಂತ ಹೇಳ್ಲಿಲ್ಲ. ಅದನ್ನ ಹುಡುಕಿದ್ದು ನಾನು."

ಮೂವರೂ ಗುಸುಗುಸು ಮಾತಾಡಿಕೊಂಡು ತೀರ್ಮಾನ ಹೇಳಿದರು. ಪದಸಂಬಂಧದ ಭಾಗವನ್ನು ಹುಡುಗಿ ಮತ್ತೊಮ್ಮೆ ಬರೆಯಲಿ. ಓದುವವರು ನಮ್ಮವರು, ಓದುವ ರೀತಿ ನಮ್ಮದು. ಹಳೆಯ ಅಂಕ ರದ್ದು. ಈ ಸಲ ಸಮಯ ಸಾಲದಿದ್ದರೆ ಸೀಟು ಹೋದಂತೆಯೇ. ಹುಡುಗಿ ಒಪ್ಪಿಕೊಂಡಳು. ಆವತ್ತಿನಿಂದ ದಿನಾ ಬೆಳಗಿನ ಜಾವ ಈ ಅಂಗಡಿಯಲ್ಲಿ ಚುಕ್ಕೆಗಳ ಪಾರಾಯಣ. ಮನುಷ್ಯರಾಡದ ಭಾಷೆಯನ್ನು ಮುಖ ಗಂಟಿಕ್ಕಿಕೊಂಡು ಅಕ್ಕ ಓದುತ್ತಾರೆ, ಹುಡುಗಿ ಚುಕ್ಕೆಗಳನ್ನು ಆರಿಸಿ ಎಸೆದು ಪದ ಉಳಿಸಿಕೊಳ್ಳುವುದನ್ನು ಕಲಿಯುತ್ತಾಳೆ.

ಇವತ್ತೇ ಆ ಮರುಪರೀಕ್ಷೆ. ಹತ್ತು ಗಂಟೆಗೆ ಅಕ್ಕ ಹುಡುಗಿಯನ್ನು ಗೇಟಿನವರೆಗೆ ಬಿಡುತ್ತಾರೆ. ಕಾವಲುಗಾರ ಕೈ ಅಡ್ಡ ಹಿಡಿಯುತ್ತಾನೆ. "ನಿಮಗೆ ಪ್ರವೇಶ ಇಲ್ಲಮ್ಮ, ಮೇಲಿಂದ ಹೇಳಿದ್ದಾರೆ." ಎಷ್ಟೋ ಮಕ್ಕಳ ಕೈ ಹಿಡಿದು ಒಳಗೆ ಹೋದ ಗೇಟು ಅದು. ಅಕ್ಕ ರಸ್ತೆಯ ಈಚೆ ಮೋಟುಗೋಡೆಯ ಮೇಲೆ ಕೂರುತ್ತಾರೆ. ನಾನು ಟೀ ತರಿಸಿದರೆ ಕುಡಿಯುವುದಿಲ್ಲ, ಮಾತಾಡಿಸಿದರೆ ಉರಿದು ಬೀಳುತ್ತಾರೆ. "ಹೊರಗೆ ಕೂತು ಏನು ಮಾತಾಡ್ಲಿ, ಸುಮ್ನಿರಿ."

ಹುಡುಗಿ ಹೊರಗೆ ಬಂದಾಗ ಕಾವಲುಗಾರನೇ ರಸ್ತೆ ದಾಟಿಸಿ ಬಿಡುತ್ತಾನೆ.

"ಎಷ್ಟು ಉಳೀತೇ?"

"ಒಂದೂ ಉಳೀಲಿಲ್ಲ. ಎಲ್ಲಾ ಓದಿಸ್ಕೊಂಡೆ."

ಅಕ್ಕ ಉಸಿರು ಬಿಡುತ್ತಾರೆ. ಹುಡುಗಿಯ ಮಾತು ಮುಗಿದಿಲ್ಲ. ಓದಲು ಕೂರಿಸಿದ್ದು ಆ ಅಧಿಕಾರಿಗಳ ಕಡೆಯ ಒಬ್ಬ ಯುವಕನನ್ನಂತೆ. ಮೊದಲ ಎರಡು ಪ್ರಶ್ನೆ ಚುಕ್ಕೆ ಸಮೇತ ಓದಿದನಂತೆ. ಮೂರನೆಯದಕ್ಕೆ ಅವನಿಗೇ ನಾಲಿಗೆ ತೊಡರಿ, "ಹಕ್ಕಿಗೆ ಗೂಡು ಹೇಗೋ ಜೇನಿಗೆ..." ಎಂದು ಶುರು ಮಾಡಿದನಂತೆ. ದೂರು ಬರೆದ ಮೇಲ್ವಿಚಾರಕರು ಅಲ್ಲೇ ಕೂತಿದ್ದರೂ ತುಟಿ ಪಿಟಿಕ್ ಅನ್ನಲಿಲ್ಲವಂತೆ.

"ಕೇಳಿದ್ರಾ?" ಅಕ್ಕ ನನ್ನ ಕಡೆ ತಿರುಗುತ್ತಾರೆ. "ಅವನ ಬಾಯಲ್ಲಿ ಬಂದ್ರೆ ಓದು, ನನ್ನ ಬಾಯಲ್ಲಿ ಬಂದ್ರೆ ಕಳ್ಳತನ! ಹೋಗ್ಲಿ ಬಿಡೇ ವಕೀಲಮ್ಮ, ನಿನಗೆ ಸಲೀಸಾಯ್ತಲ್ಲ, ಅದೇ ಪುಣ್ಯ."

"ಇಲ್ಲ ಅಕ್ಕ. ನಾನೇ ನಿಲ್ಲಿಸಿದೆ."

"ಏನಂದೇ?"

"ಸಾರ್, ಹಾಗೆ ಓದಬೇಡಿ, ಆಮೇಲೆ ಇವರು ನಿಮ್ಮ ಮೇಲೂ ದೂರು ಬರೀತಾರೆ ಅಂದೆ. ಕೊನೇವರೆಗೂ ಚುಕ್ಕೆನೇ ಓದಿಸಿದೆ."

"ಅಯ್ಯೋ ಹುಚ್ಚಿ! ಓದ್ತಿದ್ನಲ್ಲೇ, ಓದ್ಲಿ ಅಂತ ಬಿಡಬಾರದಿತ್ತಾ? ಸಮಯ ಸಾಲದಿದ್ರೆ?"

"ಬಿಟ್ಟಿದ್ರೆ ನಾಳೆ ಇದನ್ನೂ ಅವನೇ ಹೇಳ್ಕೊಟ್ಟ ಅಂತಿದ್ರು. ಇನ್ನು ಯಾರೂ ಹಾಗನ್ನೋ ಹಾಗಿಲ್ಲ."

ಬೈಯಲು ಬಾಯಿ ತೆರೆದ ಅಕ್ಕ ಹುಡುಗಿಯ ತಲೆಯನ್ನು ಎದೆಗೊತ್ತಿಕೊಳ್ಳುತ್ತಾರೆ. ಫಲಿತಾಂಶಕ್ಕೆ ಇನ್ನೂ ವಾರವಿದೆ. ನಿಮಗೇನು ಬೇಕು ಎಂದು ನಾನು ಕೇಳಿದರೆ ಅಕ್ಕ ಗೇಟಿನ ಕಡೆ ಕೈ ತೋರಿಸುತ್ತಾರೆ.

"ನನ್ನನ್ನ ಒಳಗೆ ಬಿಡದಿದ್ರೂ ಪರವಾಗಿಲ್ಲ. ಒಳಗೆ ಕೂತು ಓದೋರಿಗೆ, ಮನುಷ್ಯರು ಮಾತಾಡೋ ಹಾಗೆ ಓದಿ ಅಂತ ಒಂದು ಮಾತು ಹೇಳ್ಲಿ. ಇವಳು ಚುಕ್ಕೆ ಕೇಳಿ ನಿಭಾಯಿಸಿದ್ಲು ಅಂತ, ಮುಂದೆ ಬರೋ ಮಕ್ಕಳಿಗೂ ಇದೇ ಶಿಕ್ಷೆ ಬೇಡ."