ದಕ್ಷಿಣದ ಗೋಡೆ

ಅಣ್ಣನ ಮಗಳು ಬಿಟಿಎಂನಲ್ಲಿ ಕೆಫೆ ಶುರು ಮಾಡುತ್ತಾಳಂತೆ. ಗೋಡೆಗೆ, ಮೇಜಿಗೆ ಎಲ್ಲ ಹಳೇ ಕಾಲದ ಸಾಮಾನೇ ಬೇಕಂತೆ. "ಅತ್ತೆ, ನಿಮಗೆ ಜಯನಗರ ಪೂರ್ತಿ ಗೊತ್ತಲ್ವಾ? ಒಂದಿನ ನಂಜೊತೆ ಬಂದು ತೋರ್ಸಿ. ಮಾಲ್ ಗೀಲ್ ಬೇಡ, ಇಂಡಿಪೆಂಡೆಂಟ್ ಶಾಪ್ಸ್ ಮಾತ್ರ" ಎಂದು ಫೋನ್ ಮಾಡಿದಳು. ಅವನ್ನು ನಾವು ಇಷ್ಟು ವರ್ಷ ಅಂಗಡಿ ಅಂತ ಕರೆಯುತ್ತಿದ್ದೆವು. ಆದರೂ ಹೂಂ ಅಂದೆ. ಆ ಮನೆಯಲ್ಲಿ ನನ್ನ ಜೊತೆ ಮಾತಾಡುವ ಜೀವ ಅಂತ ಉಳಿದಿರುವುದು ಇವಳೊಬ್ಬಳೇ.

ಅವಳಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದು ಅಮ್ಮನ ವೈಕುಂಠ ಸಮಾರಾಧನೆಯ ದಿನ. ಜಗಳ ಆಸ್ತಿಗಲ್ಲ, ಒಂದು ಫೋಟೋಗೆ. ಅಪ್ಪ ಹೋದಮೇಲೆ ಅಮ್ಮ ಜೆಪಿ ನಗರದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಔಷಧಿ, ಸ್ನಾನ, ಕೊನೆಕೊನೆಗೆ ತುತ್ತು ಕಲಸಿ ಬಾಯಿಗಿಡುವುದು ಎಲ್ಲ ನನ್ನದೇ. ಆದರೆ ಮನೆಗೆ ಯಾರೇ ಬರಲಿ, "ಸ್ವಲ್ಪ ದಿನ ಅಂತ ಮಗಳ ಮನೇಲಿದೀನಿ, ಆಮೇಲೆ ಮಗನ ಹತ್ರಾನೇ ಹೋಗ್ಬೇಕಲ್ಲ" ಅನ್ನುವಳು. ಆ ಮಗ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದುಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ ಗಡಿಯಾರ ನೋಡುತ್ತಿದ್ದ. ಅವನು ಬಂದ ದಿನ ಅಮ್ಮ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮನ ಟ್ರಂಕಿನಲ್ಲಿ ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇತ್ತು. ಹಿಂದೆ ಬಣ್ಣ ಬಳಿದ ಕೆರೆ, ಪಕ್ಕದ ಸ್ಟೂಲ್ ಮೇಲೆ ಪ್ಲಾಸ್ಟಿಕ್ ಹೂವಿನ ಹೂದಾನಿ, ಅದರ ಮೇಲೆ ಅಮ್ಮನ ಕೈ. ಮೊಣಕೈವರೆಗೆ ತೋಳಿರುವ ರವಿಕೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ನಗಬೇಕೋ ಬೇಡವೋ ಎಂಬಂಥ ಮುಖ. ಇದ್ದಿದ್ದು ಅದೊಂದೇ ಪ್ರತಿ. "ನಾನು ಹೋದ್ಮೇಲೆ ಈ ಮುದಿ ಮುಖ ಗೋಡೆಗೆ ಹಾಕ್ಬೇಡ್ರೋ, ಇದನ್ನ ಹಾಕಿ" ಎಂದು ಹೇಳಿದ್ದಳು. ಹೇಳಿದ್ದಷ್ಟೇ ಅಲ್ಲ, ನನ್ನ ಎದುರಿಗೇ ಅದನ್ನು ಅಣ್ಣನ ಕೈಗೆ ಕೊಟ್ಟಿದ್ದಳು. ಅವಳ ಹಾಸಿಗೆ ಬದಲಿಸುತ್ತಾ ನಿಂತಿದ್ದ ನನ್ನ ಕಡೆ ಅವಳು ತಿರುಗಿ ನೋಡಲಿಲ್ಲ.

ಅವಳು ಹೋದಮೇಲೆ ಅಣ್ಣ ಅದನ್ನು ಕಟ್ಟು ಹಾಕಿಸಲು ಕೊಟ್ಟ. ನನಗೂ ಒಂದು ಕಾಪಿ ತೆಗೆಸಿಕೊಡು ಅಂದೆ. "ಅಮ್ಮನ ಫೋಟೋ ಮಗನ ಮನೇಲಿರ್ಬೇಕು. ಇದೇನ್ ಪಾಸ್‌ಪೋರ್ಟ್ ಫೋಟೋನಾ, ಊರಿಗೆಲ್ಲ ಹಂಚೋಕೆ?" ಅಂದ. ಊಟಕ್ಕೆ ಕೂತಿದ್ದ ನೆಂಟರೆಲ್ಲ ತಲೆ ಬಗ್ಗಿಸಿಕೊಂಡು ಪಾಯಸ ಹೀರಿದರು. ಆವತ್ತಿನಿಂದ ನಾನು ಅವನ ಮನೆ ಹೊಸಿಲು ತುಳಿದಿಲ್ಲ. ಅಲ್ಲಿ ಗೋಡೆಯ ಮೇಲೆ ಅಮ್ಮನಿಗೆ ಹಾರ, ಮುಂದೆ ದೀಪ, ಹಬ್ಬದ ದಿನ ಎಡೆ. ನಾನು ಕಣ್ಣು ಮುಚ್ಚಿದರೂ ಅದು ಕಾಣುತ್ತಿತ್ತು. ಪ್ರತಿ ವರ್ಷ ಅಮ್ಮನ ತಿಥಿಯ ದಿನ ನನ್ನ ಮನೆಯಲ್ಲಿ ಹೊಟ್ಟೆ ಉರಿದುಕೊಂಡೇ ಊಟ ಮಾಡಿದ್ದೇನೆ.

ಇದ್ಯಾವುದನ್ನೂ ಹುಡುಗಿಗೆ ಹೇಳಿರಲಿಲ್ಲ. ಅವಳು ಫೋನು ಎತ್ತಿ ಹಿಡಿದೇ ಜಯನಗರ ನೋಡಿದಳು. ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ ಡಬ್ಬಕ್ಕೊಂದು ವಿಡಿಯೋ, ಕಾಫಿಪುಡಿ ಅಂಗಡಿಯ ಮೆಷಿನ್ನಿಗೊಂದು ವಿಡಿಯೋ. ಬಳೆ ಅಂಗಡಿಯ ಆಂಟಿ ನನ್ನ ಕೈ ಒತ್ತಿ ಒತ್ತಿ ಬಳೆ ತೊಡಿಸುತ್ತಿದ್ದರೆ, "ಇನ್ನೊಂದ್ಸಲ ಮಾಡಿ ಆಂಟಿ, ಲೈಟ್ ಸರಿ ಬಂದಿಲ್ಲ" ಅಂದಳು! ಆಂಟಿ ನನ್ನ ಮುಖ ನೋಡಿದರು. ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದೆ. ಹಿತ್ತಾಳೆ ಚೊಂಬು, ಪಿಂಗಾಣಿ ಭರಣಿ, ತಗಡಿನ ಡಬ್ಬ ಎಲ್ಲ ತೆಗೆದುಕೊಂಡಳು. ನಮ್ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿರುವ ಸಾಮಾನು ಇವಳಿಗೆ ವಿಂಟೇಜಂತೆ. ಬಿಸಿಲಲ್ಲಿ ಸುತ್ತಿ ಸುತ್ತಿ ನನ್ನ ಮಂಡಿ ಬೇರೆ ಹಿಡಿದುಕೊಂಡಿತ್ತು.

"ಲಾಸ್ಟ್ ಒಂದು ಅತ್ತೆ, ಪ್ಲೀಸ್" ಎಂದು ಕಟ್ಟು ಹಾಕುವ ಅಂಗಡಿಯ ಮುಂದೆ ನಿಂತಳು. ಹೊರಗೆಲ್ಲ ವೆಂಕಟರಮಣ, ಲಕ್ಷ್ಮಿ, ಗಣಪತಿ. ಒಳಗೆ ಮೂಲೆಯಲ್ಲಿ ಗೋಡೆಗೆ ಒರಗಿಸಿದ ಹಳೇ ಫೋಟೋಗಳು. ಕಟ್ಟು ಹಾಕಲು ಕೊಟ್ಟು ಯಾರೂ ಒಯ್ಯದೆ ಬಿಟ್ಟವಂತೆ. "ಇತ್ತೀಚೆಗೆ ಹೋಟ್ಲೋರು ಬಂದು ತಗೊಂಡ್ ಹೋಗ್ತಾರೆ ಮೇಡಂ. ಇಟ್ಕೊಂಡ್ ನಾನೇನ್ ಮಾಡ್ಲಿ?" ಅಂದರು ಅಂಗಡಿಯವರು. ಹುಡುಗಿ ನೆಲದ ಮೇಲೆ ಕೂತು ಒಂದೊಂದೇ ತೆಗೆದಳು. ಮೊದಲ ಫೋಟೋದಲ್ಲಿ ಕೋಟು ಹಾಕಿದ ಮೀಸೆಯವರೊಬ್ಬರು ಬಂದರು. ಬರಿಮೈ ಕೂಸು ಬಂತು. ಆಮೇಲೆ ಒಂದರ ಗಾಜನ್ನು ದುಪಟ್ಟಾದಿಂದ ಒರೆಸಿ, "ವಾವ್ ಅತ್ತೆ, ಈ ಲೇಡಿ ನೋಡಿ! ಸಖತ್ತಾಗಿದಾರಲ್ವಾ? ಕೌಂಟರ್ ಮೇಲೆ ಇವ್ರನ್ನೇ ಹಾಕ್ತೀನಿ" ಅಂದಳು.

ಬಣ್ಣ ಬಳಿದ ಕೆರೆ. ಪ್ಲಾಸ್ಟಿಕ್ ಹೂವು. ಅಮ್ಮನ ಕೈ.

ಬಾಗಿಲ ಹತ್ತಿರದ ಸ್ಟೂಲ್ ಮೇಲೆ ಕೂತೆ. ಬಿಸಿಲು ಹೊಡೆದಿರಬೇಕು ಅಂದುಕೊಂಡು ಅಂಗಡಿಯವರು ನೀರು ಕೊಟ್ಟರು. ಕುಡಿದು, ಇದು ಯಾರು ಕೊಟ್ಟಿದ್ದು ಎಂದು ಕೇಳಿದೆ.

"ಒಬ್ರು ಸಾರ್ ಕೊಟ್ಟಿದ್ರು. ತಾಯಿ ಫೋಟೋ ಅಂದ್ರು. ಕಟ್ಟು ಆದ್ಮೇಲೆ ಬಂದು ನೋಡಿದ್ರು ಕೂಡ. ತೀರ್ಕೊಂಡವ್ರದ್ದು ದಕ್ಷಿಣದ ಗೋಡೆಗೇ ಹಾಕ್ಬೇಕಲ್ಲ ಮೇಡಂ. ಹೊಸ ಫ್ಲ್ಯಾಟಲ್ಲಿ ಆ ಗೋಡೆ ಖಾಲಿ ಇಲ್ಲ, ಏನಾದ್ರೂ ವ್ಯವಸ್ಥೆ ಮಾಡ್ಕೊಂಡು ಬರ್ತೀನಿ ಅಂದ್ರು. ಬರ್ಲೇ ಇಲ್ಲ. ಫೋನ್ ಮಾಡಿ ಮಾಡಿ ನಾನೂ ಬಿಟ್ಬಿಟ್ಟೆ."

ಹುಡುಗಿ ಕಿಲಕಿಲ ನಕ್ಕಳು. "ಅಯ್ಯೋ, ಸೇಮ್ ನಮ್ಮನೆ ಥರಾನೇ! ನಮ್ಮನೇಲೂ ಸೌತ್ ವಾಲ್‌ಗೆ ಟೀವಿ ಬಂದ್ಬಿಟ್ಟಿದೆ."

"ನಿಮ್ಮನೆ ಟೀವೀನೇ ಕಣೇ ಅದು" ಅಂದೆ. "ಸರಿಯಾಗಿ ನೋಡು. ನಿಮ್ಮಜ್ಜಿ."

ಅವಳ ನಗು ನಿಂತಿತು. ಫೋಟೋ ನೋಡಿದಳು, ನನ್ನನ್ನು ನೋಡಿದಳು. ಪಾಪ, ಅವಳು ಕಂಡಿದ್ದು ಹಲ್ಲಿಲ್ಲದ, ಬಿಳಿಕೂದಲಿನ ಅಜ್ಜಿಯನ್ನು. ಅವಳಿಗೆ ಬೈದು ಏನು ಪ್ರಯೋಜನ? "ಇದು ನಂಗೆ ಬೇಕು, ಮನೆಗೆ ತಗೊಂಡ್ ಹೋಗ್ತೀನಿ" ಅಂದೆ. ಹೂಂ ಅನ್ನುವ ಮೊದಲು ಅವಳು ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು.

ವಿಷಯ ಹೇಳಿದಳು. ಆ ಕಡೆಯಿಂದ ಅಣ್ಣನ ದನಿ. "ಅವಳ ಕೈಗೆ ಕೊಡ್ಬೇಡ. ಅಮ್ಮನ ಫೋಟೋ ಮಗನ ಕಡೇನೇ ಇರ್ಬೇಕು."

"ಎಲ್ಲಿ ಹಾಕ್ತೀರಾ ಅಪ್ಪ?"

"ಸದ್ಯಕ್ಕೆ ನಿನ್ನ ಕೆಫೆಲೇ ಹಾಕ್ಕೋ. ನಿಂದು ಅಂದ್ರೆ ನಂದೇ ತಾನೇ."

ಅಬ್ಬಾ! ಇಷ್ಟು ವರ್ಷ ಕಟ್ಟಿನಂಗಡಿಯ ಧೂಳಲ್ಲಿ ಬಿದ್ದಿದ್ದಾಗ ಇವನಿಗೆ ಅಮ್ಮ ಬೇಕಾಗಿರಲಿಲ್ಲ. ನಾನು ಕೇಳಿದೆ ನೋಡಿ, ಈಗ ಬೇಕು. ಯಾರೋ ಬಂದು ಕೋಲ್ಡ್ ಕಾಫಿ ಹೀರುವ ಕಡೆ ನೇತುಹಾಕಿದರೂ ಪರವಾಗಿಲ್ಲ, ನನ್ನ ಮನೆಗೆ ಮಾತ್ರ ಬರಕೂಡದು. ಅಂಥ ಮನೆಯಲ್ಲಿ ದೀಪ ಉರಿಯುತ್ತಿದೆ ಅಂದುಕೊಂಡು ನಾನು ಹೊಟ್ಟೆ ಉರಿದುಕೊಂಡಿದ್ದೆನಲ್ಲ! ಹುಡುಗಿ ಫೋನು ಇಟ್ಟು, "ಸಾರಿ ಅತ್ತೆ, ಅಪ್ಪ ಬೇಜಾರ್ ಮಾಡ್ಕೋತಾರೆ. ನೀವು ಯಾವಾಗ ಬೇಕಾದ್ರೂ ಕೆಫೆಗೆ ಬಂದು ನೋಡ್ಬಹುದು" ಅಂದಳು. ನಾನು ಫೋಟೋ ಎತ್ತಿಕೊಂಡೆ.

ಆಟೋದಲ್ಲಿ ಕಾಲಿಗೆ ಚೊಂಬು, ಬೆನ್ನಿಗೆ ಭರಣಿ, ತೊಡೆಯ ಮೇಲೆ ಅಮ್ಮ. ಹುಡುಗಿ ದಾರಿಯುದ್ದಕ್ಕೂ ನನ್ನ ಕಡೆ ತಿರುಗದೆ ಹೊರಗೇ ನೋಡುತ್ತಿದ್ದಳು. ಬಿಟಿಎಂನಲ್ಲಿ ಕೆಫೆ ಮುಂದೆ ಇಳಿದಳು, ಸಾಮಾನೆಲ್ಲ ಇಳಿಸಿಕೊಂಡಳು, ಫೋಟೋಗೆ ಕೈ ಚಾಚಿದಳು. ನಾನು ಇಳಿಯಲಿಲ್ಲ.

"ಜೆಪಿ ನಗರಕ್ಕೆ ಬಿಡಿ ಅಣ್ಣ" ಎಂದೆ ಆಟೋದವರಿಗೆ.

"ಅತ್ತೆ! ಅಪ್ಪಂಗೆ ಏನ್ ಹೇಳ್ಲಿ?"

"ಗೋಡೆ ಸಿಕ್ತು ಅಂತ ಹೇಳು."

ಮನೆಗೆ ಬಂದು, ಗೋಡೆಗೆ ಹೊಡೆಯಲು ಒಂದು ಮೊಳೆ ಹುಡುಕಿದರೆ ಸಿಗಲಿಲ್ಲ. ಅಮ್ಮ ಕೂರುತ್ತಿದ್ದ ಕುರ್ಚಿಯ ಮೇಲೇ ಫೋಟೋ ಒರಗಿಸಿ, ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದೆ. ಕುಂಕುಮ ಇಟ್ಟೆ. ಎದುರಿಗೆ ಕೂತೆ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಆ ಕುರ್ಚಿಯಲ್ಲಿ ಕೂತು ಅವಳು ದಿನಾ ಗೇಟಿನ ಕಡೆಗೇ ನೋಡುತ್ತಿದ್ದಳು. ಈಗಲೂ ಫೋಟೋದ ಮುಖ ಗೇಟಿನ ಕಡೆಗೇ ಇತ್ತು, ಇಟ್ಟವಳು ನಾನೇ. ಎದ್ದು ಹೋಗಿ ಕುರ್ಚಿಯನ್ನು ಅಡುಗೆಮನೆ ಕಡೆಗೆ ತಿರುಗಿಸಿದೆ.

"ಅವನು ಬರಲ್ಲ ಕಣಮ್ಮ" ಅಂದೆ. "ಇನ್ನಾದ್ರೂ ನನ್ನ ನೋಡು."