ಹೊನ್ನೆ ಮರದ ಕುರ್ಚಿ

ಒಂದು ಕುರ್ಚಿಯನ್ನು ನೆನೆದರೆ ನನಗೆ ವಾಕರಿಕೆ ಬರುತ್ತದೆ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ನಗಿ.

ಮದ್ರಾಸ್ ಸರ್ಕಾರದ ಕಾಲ. ಹೊಸಪೇಟೆಯಲ್ಲಿ ಅರಣ್ಯ ಇಲಾಖೆಯ ಕಚೇರಿಗೆ ನಾನು ಗುಮಾಸ್ತ. ನಮ್ಮ ರೇಂಜರ್ ಸಾಹೇಬರು ಆ ಹುದ್ದೆಗೇರಿದ ನಮ್ಮ ಕಡೆಯ ಮೊದಲನೆಯವರು. ಅವರಿಗಿಂತ ಮುಂಚೆ ಬಂದವರಿಗೆ ಕಾಡೆಂದರೆ ಶಿಕಾರಿ, ಡೇರೆ, ಹಳ್ಳಿಯವರು ಹೆದರಿಕೊಂಡು ಪುಕ್ಕಟೆ ತಂದುಕೊಡುವ ಕೋಳಿ. ಇವರು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದು ಬಂಡೆಯ ಮೇಲೆ ಕೂತು ತಿನ್ನುವ ಮನುಷ್ಯ.

ಸಂಡೂರಿನ ದಾರಿಯ ಗುಡ್ಡವನ್ನು ಕಂಪ್ಲಿಯ ಆಲೆಮನೆಗಳ ಒಲೆ ಅಷ್ಟರಲ್ಲೇ ನುಂಗಿಹಾಕಿತ್ತು. ಕಾಯಿ ಬಿಡುವ ಹೊನ್ನೆ ಮರ ಎಂದರೆ ಕೊರಕಲಿನ ಪಕ್ಕದಲ್ಲಿ ಉಳಿದಿದ್ದ ಒಂದೇ ಒಂದು ಮುದಿಮರ. ಅದರ ಬೀಜದಿಂದಲೇ ಗುಡ್ಡವನ್ನು ಮತ್ತೆ ತುಂಬಿಸುತ್ತೇನೆಂದು ಸಾಹೇಬರು ಹಟ ಹಿಡಿದರು. ನಮ್ಮ ಸೀಮೆಯಲ್ಲಿ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಉದುರಿದ ಕಾಯಿ ಆರಿಸಿ ಮಲಪನಗುಡಿಯ ಸಸಿತೋಟಕ್ಕೆ ತಂದು, ಸಗಣಿ ನೀರಿನಲ್ಲಿ ನೆನೆಹಾಕಿ, ಮೊಣಕೈವರೆಗೆ ಕೈ ಅದ್ದಿ ತಾವೇ ಕಲಸುತ್ತಿದ್ದರು. ನಾನು ಮೂಗು ಮುಚ್ಚಿಕೊಂಡರೆ, "ಏನ್ರೀ ಗುಮಾಸ್ತರ, ನಿಮ್ಮನ್ಯಾಗ ಅಂಗಳ ಸಾರ್ಸಂಗಿಲ್ಲೇನು? ಅದ್ದ್ರಿ ಕೈ!" ಎನ್ನುತ್ತಿದ್ದರು.

ಮೊಳೆತದ್ದು ಕಡಿಮೆ, ಆಡು ಮೇಯದೆ ಉಳಿದದ್ದು ಇನ್ನೂ ಕಡಿಮೆ. ಅವರ ನಿವೃತ್ತಿಯ ಹೊತ್ತಿಗೆ ಗುಡ್ಡದ ಒಂದು ಮಗ್ಗುಲು ಮಾತ್ರ ಹಸಿರಾಗಿತ್ತು. "ಆ ಮುದುಕಿ ಇನ್ನ ಹತ್ತು ವರ್ಷ ಕಾಯಿ ಕೊಟ್ರ ಸಾಕ್ರಿ, ಆಮ್ಯಾಲೆ ಮಕ್ಳು ಕೊಡ್ತಾವ" ಎನ್ನುತ್ತಿದ್ದರು.

ಕಡಿಯುವ ಮರದ ಬುಡಕ್ಕೆ ಮೊದಲು ಸರ್ಕಾರಿ ಮುದ್ರೆಯ ಸುತ್ತಿಗೆಯಿಂದ ಹೊಡೆದು ಗುರುತು ಹಾಕಬೇಕು. ಗುರುತಿಲ್ಲದೆ ಕಡಿದರೆ ಅದು ಕಳವು. ಆ ಸುತ್ತಿಗೆಯನ್ನು ಸಾಹೇಬರು ಯಾರ ಕೈಗೂ ಕೊಟ್ಟವರಲ್ಲ. ಕೆಲಸ ಬಿಡುವ ದಿನ ಅದನ್ನು ಪೆಟ್ಟಿಗೆಯಲ್ಲಿಟ್ಟು, ಹೊಸ ಸಾಹೇಬರು ಬರುವ ತನಕ ಇರಲೆಂದು ಬೀಗದ ಕೈಯನ್ನು ನನಗೆ ಒಪ್ಪಿಸಿದರು.

ಮರುದಿನವೇ ಕಂಪ್ಲಿಯ ಸೌದೆ ಗುತ್ತೇದಾರ ಬಂದ. "ಸಾಹೇಬ್ರಿಗೆ ಒಂದು ಮಸ್ತ್ ಕುರ್ಚಿ ಮಾಡ್ಸೂಣ್ರಿ. ಇಷ್ಟ್ ವರ್ಷ ಕಲ್ಲಿನ ಮ್ಯಾಲೇ ಕುಂತಾರ, ಪಾಪ. ಒಂದು ಹೊನ್ನಿ ಮರಕ್ಕ ಸುತಿಗಿ ಬಡೀರಿ, ಸಾಕು."

ಯಾವ ಮರ ಎಂದು ನಾನು ಕೇಳಲಿಲ್ಲ. ಹಲಗೆ ಬರುವಷ್ಟು ದಪ್ಪದ್ದು ಒಂದೇ ಇದೆಯೆಂದು ನನಗೆ ಗೊತ್ತಿತ್ತು. ಅವನ ಮನೆಯ ಹೋಳಿಗೆ ತಿಂದ ಬಾಯಿ ಏನು ಕೇಳೀತು? ನಾನೇ ಹೋಗಿ ಹೊಡೆದೆ. ತೊಗಟೆಯಿಂದ ಕೆಂಪು ಅಂಟು ಒಸರಿತು. ಕುರ್ಚಿಗೆ ಹಿಡಿದದ್ದು ನಾಲ್ಕಾರು ಹಲಗೆ, ಉಳಿದ ಮರವೆಲ್ಲ ಬಂಡಿಯಲ್ಲಿ ಕಂಪ್ಲಿಗೆ ಹೋಯಿತು.

ಕುರ್ಚಿ ಸಿದ್ಧವಾದ ಮೇಲೆ ಇಟ್ಟುಕೊಂಡ ಬೀಳ್ಕೊಡುಗೆಯ ದಿನ ಹಾರ ಹಾಕಿ ಸಾಹೇಬರನ್ನು ಅದರ ಮೇಲೆ ಕೂರಿಸಿದೆವು. ಸುಡುವ ಸೆಕೆ. ಒದ್ದೆಯಾದರೆ ಹೊನ್ನೆ ಹಳದಿ ಬಣ್ಣ ಬಿಡುತ್ತದೆ. ಅವರು ಕೈಯಿಟ್ಟಿದ್ದ ಕಡೆ ಬೆವರಿಗೆ ಅಂಗೈ ಹಳದಿಯಾಯಿತು. ಅದನ್ನೇ ನೋಡುತ್ತ ಕೇಳಿದರು, "ಎಲ್ಲೀದಿದು? ಇನ್ನಾ ಹಸೀದೈತಲ್ಲ."

ಗುತ್ತೇದಾರ ಕೈಮುಗಿದು ಹಲ್ಲು ಕಿರಿದ. "ನಿಮ್ಮ ಬೀಜದ ಮರದ್ದ ರೀ! ಬ್ಯಾರೆ ಮರದ ಮ್ಯಾಲೆ ನಿಮ್ಮನ್ನ ಕುಂದ್ರಸಾಕ ಬರ್ತೈತೇನ್ರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಕಡೆ ತಿರುಗಿದರು.

"ಸುತಿಗಿ ಯಾರು ಹೊಡದ್ರಿ?"

"ನಾನ್ರಿ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೊರಟೇಬಿಟ್ಟರು. "ಮುದುಕ್ರಿಗೆ ಭಾಳ ಸಂತೋಷಾಗಿ ಮಾತ ಹೊರಡವಲ್ವು" ಎಂದು ಗುತ್ತೇದಾರ ಲಾಡು ಹಂಚಿದ. ಅವನ ನಾಚಿಕೆಗೇಡಿತನದ ಮಾತು ಹಾಗಿರಲಿ, ನಾನೂ ಕೈಚಾಚಿ ಎರಡು ಲಾಡು ತಿಂದೆ. ಇಂದಿಗೂ ಹೇಸಿಗೆಯಾಗುವುದು ಅದಕ್ಕೆ.

ಕುರ್ಚಿ ಕಚೇರಿಯಲ್ಲೇ ಉಳಿಯಿತು, ಹೊಸ ಸಾಹೇಬರು ಅದರಲ್ಲಿ ಕೂತರು. ಮಳೆಗಾಲಕ್ಕೆ ಮುಂಚೆ ಒಂದು ದಿನ ಹಳೆಯ ಸಾಹೇಬರು ಕಡ್ಡಿರಾಂಪುರದ ಮನೆಯಿಂದ ನಡೆದುಕೊಂಡೇ ಬಂದರು. ಕಂಕುಳಲ್ಲಿ ಸಣ್ಣ ಗಂಟು. ಕಡಿದ ಬುಡದ ಸುತ್ತ ಆರಿಸಿ ತಂದ, ಆ ಮರದ ಕೊನೆಯ ಕಾಯಿಗಳು.

"ಕುಂದ್ರಿ, ಕುಂದ್ರಿ" ಎಂದು ಹೊಸಬರು ಕುರ್ಚಿಯಿಂದಲೇ ಸ್ಟೂಲು ತೋರಿಸಿದರು.

"ನಿಂತಿರ್ತೀನ್ರಿ. ಇವನ್ನಷ್ಟು ನೆನಿ ಹಾಕ್ಸ್ರಿ."

ನಾನು ಗಂಟಿಗೆ ಕೈ ಚಾಚಿದೆ. ಅವರು ನನಗೆ ಕೊಡದೆ ಮೇಜಿನ ಮೇಲಿಟ್ಟು ಹೋದರು. ಸಂಜೆಯಾದರೂ ಅದು ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಮಲಪನಗುಡಿಗೆ ಹೋದೆ. ಸಗಣಿ ನೀರಿಗೆ ಸುರಿದು, ಮೊಣಕೈವರೆಗೆ ಕೈ ಅದ್ದಿ ಕಲಸಿದೆ. ಮೂಗು ಮುಚ್ಚಿಕೊಳ್ಳಲಿಲ್ಲ. ಮೊಳೆತ ನಾಲ್ಕು ಸಸಿಗಳನ್ನು ನೋಡಲು ಸಾಹೇಬರು ಬರಲಿಲ್ಲ.